ಗುಡಿಸದ ನೆಲ

ಫೆಬ್ರವರಿ 6, 2017. ಸೋಮವಾರ

ಕೆಲಸ ಸಿಕ್ಕಿತು! ಎರಡೂವರೆ ವರ್ಷ ಸಮಾಜ ಕಲ್ಯಾಣ ಕಚೇರಿಯ ಕೌಂಟರಿನ ಈಚೆ ನಿಂತು ಬೈಸಿಕೊಂಡವಳು ಇವತ್ತು ಆಚೆ ಕೂತು ಬಂದೆ. ಕುರ್ಚಿಯ ಒಂದು ಕಾಲು ಗಿಡ್ಡ. ಇರಲಿ, ಕುರ್ಚಿ ಕುರ್ಚಿಯೇ.

ಕೆಲಸವೆಂದರೆ ಮನೆಮನೆ ಸುತ್ತುವುದು. ಎರಡು ಸೈನ್ಯಗಳ ನಡುವಿನ ಗೆರೆಯ ಆ ಕಡೆಯಿಂದ ಯುದ್ಧಕ್ಕೆ ಹೆದರಿ ಬಂದು, ಈ ಊರಿನ ವಿಳಾಸ ಕೊಟ್ಟು ನೋಂದಾಯಿಸಿಕೊಂಡವರು ನಿಜಕ್ಕೂ ಅಲ್ಲಿ ವಾಸ ಇದ್ದಾರೋ ಇಲ್ಲವೋ ನೋಡಿ ಮಹಜರು ಬರೆಯಬೇಕು. ಇದ್ದರೆ ಪಿಂಚಣಿ ಬರುತ್ತದೆ. ಇಲ್ಲದಿದ್ದರೆ ಬಾಗಿಲಿಗೆ ನೋಟೀಸು. ಮೂರು ದಿನದೊಳಗೆ ಕಚೇರಿಗೆ ಬಂದು ಮುಖ ತೋರಿಸದಿದ್ದರೆ ನೋಂದಣಿ ರದ್ದು, ಪಿಂಚಣಿ ಬಂದ್. ಊರು ನೋಡಲು ಆ ಕಡೆ ಹೋಗಬಹುದು, ಆದರೆ ಅರವತ್ತು ದಿನ ದಾಟುವಂತಿಲ್ಲ. ಆ ಕಡೆಯೇ ಉಳಿದ ಮುದುಕರಿಗಂತೂ ಸರ್ಕಾರ ಚಿಕ್ಕಾಸೂ ಕೊಡುವುದಿಲ್ಲ. ಜೀವಮಾನವೆಲ್ಲ ದುಡಿದಿದ್ದರೂ ಸರಿಯೇ, ಈ ಕಡೆ ಬಂದು ‘ಆಂತರಿಕವಾಗಿ ಸ್ಥಳಾಂತರಗೊಂಡ ವ್ಯಕ್ತಿ’ ಆದರೆ ಮಾತ್ರ ಪಿಂಚಣಿ.

ಅಮ್ಮನೂ ಹಾಗೆ ಆದವಳೇ. ಕಾಗದದ ಮೇಲೆ ಅವಳು ನನ್ನ ಜೊತೆ ಈ ಬಾಡಿಗೆ ಮನೆಯಲ್ಲಿದ್ದಾಳೆ, ಕಿಟಕಿ ಪಕ್ಕದ ಸೋಫಾದ ಮೇಲೆ ಮಲಗುತ್ತಾಳೆ. ನಿಜದಲ್ಲಿ ಗೆರೆ ದಾಟುವ ಮುರಿದ ಸೇತುವೆಯ ಆಚೆ, ತನ್ನ ಮನೆಯಲ್ಲಿ, ತನ್ನ ಒಲೆ ತನ್ನ ಮೇಕೆ ಎಂದು ಇದ್ದಾಳೆ. ಎಪ್ಪತ್ತೇಳು ವರ್ಷ. ಗಡುವು ತುಂಬುವ ಮೊದಲು ಬಂದು ವಾರ ಇದ್ದು ಹೋಗುತ್ತಾಳೆ. ಆ ಪಿಂಚಣಿ ನಿಂತರೆ ಅವಳಿಗೆ ಒಲೆಗೆ ಕಲ್ಲಿದ್ದಲಿಲ್ಲ, ರಕ್ತದೊತ್ತಡದ ಮಾತ್ರೆಯಿಲ್ಲ. ನನ್ನ ಸಂಬಳದಲ್ಲಿ ಎರಡು ಮನೆ ನಡೆಯುವ ಮಾತೇ ಇಲ್ಲ. ಕಚೇರಿಯಲ್ಲಿ ಈ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ.

ಒಂದು ಮಾತ್ರ ತೀರ್ಮಾನ ಮಾಡಿದ್ದೇನೆ. ಯಾರ ಮನೆಗೆ ಹೋದರೂ ಗಂಟೆ ಒತ್ತಿ ಚೆನ್ನಾಗಿ ಕಾಯುತ್ತೇನೆ. ಒಳಗಿನವರು ಉಸಿರು ತಗೊಳ್ಳಲಿ. ನಾನೂ ಆ ಕಡೆಯವಳೇ ತಾನೆ.

ಫೆಬ್ರವರಿ 9, ಗುರುವಾರ

ನನ್ನ ಜೊತೆ ಸುತ್ತುವವರು ವೀರಾ ಒಮೆಲ್ಯಾನಿವ್ನಾ. ಇದೇ ಊರಿನವರು, ನಿವೃತ್ತಿಗೆ ಒಂದು ವರ್ಷ ಇದೆ, ಎರಡೂ ಮಂಡಿ ನೋವು. ಮೆಟ್ಟಿಲು ಹತ್ತುವಾಗೆಲ್ಲ ಸರ್ಕಾರವನ್ನು ಬೈಯುತ್ತಾರೆ. ಇಳಿಯುವಾಗ ಮಂಡಿಯನ್ನು ಬೈಯುತ್ತಾರೆ.

ಒಂದು ಮನೆಯಲ್ಲಿ ಗಂಡಸೊಬ್ಬನೇ ಇದ್ದ. ಹೆಂಡತಿಯ ನಿಲುವಂಗಿಯನ್ನು ತೋಳ ಮೇಲೆ ಹಾಕಿಕೊಂಡೇ ಬಾಗಿಲು ತೆಗೆದ, ಪಾಪ, ಸಾಕ್ಷಿಗೆ.

“ಹೆಂಡತಿ ಎಲ್ಲಪ್ಪಾ?” ಎಂದರು ವೀರಾ.

“ಸ್ನಾನಕ್ಕೆ ಹೋಗಿದ್ದಾಳೆ.”

“ಬಚ್ಚಲ ಬಾಗಿಲು ತೆಗೆದೇ ಇದೆಯಲ್ಲೋ!”

“ಪಕ್ಕದ ಮನೇಲಿ ಸ್ನಾನ. ನಮ್ಮಲ್ಲಿ ಬಿಸಿನೀರು ಬರಲ್ಲ.”

ವೀರಾ ಹೋಗಿ ನಲ್ಲಿ ತಿರುಗಿಸಿದರು. ಹಬೆಯಾಡುತ್ತ ನೀರು ಬಂತು. ಅವನು ಕಣ್ಣರಳಿಸಿ, “ಅರೆ, ಈಗ ತಾನೆ ಬಂತು ನೋಡಿ!” ಎಂದ. ನನಗೆ ನಗು ತಡೆಯಲಾಗಲಿಲ್ಲ. ವೀರಾ ಮಾತ್ರ ಗಂಭೀರವಾಗಿ, “ನಾವು ನಾಡಿದ್ದು ಸಂಜೆ ಐದಕ್ಕೆ ಮತ್ತೆ ಬರ್ತೀವಿ. ಐದಕ್ಕೆ. ಕೇಳಿಸ್ತಾ? ಅಷ್ಟೊತ್ತಿಗೆ ಅವಳ ಸ್ನಾನ ಮುಗಿದಿರುತ್ತೆ” ಎಂದರು. ಹೊರಗೆ ಬಂದು ಏನೂ ಆಗದವರಂತೆ ಮಂಡಿ ಒತ್ತಿಕೊಂಡರು.

ಬೇರೆಯವರ ಹಾಸಿಗೆ, ಪಾತ್ರೆ, ಕಪಾಟು ನೋಡಿ ನೋಡಿ ಒಳಗೆಲ್ಲ ಕಸಿವಿಸಿ. ಮನೆಗೆ ಬಂದು ಕೈ ತೊಳೆದೆ. ಕೂರಲಾಗದೆ ಇನ್ನೊಮ್ಮೆ ತೊಳೆದೆ.

ಫೆಬ್ರವರಿ 17, ಶುಕ್ರವಾರ

ಅಮ್ಮ ಬಂದಳು. ಬೆಳಗಿನ ಜಾವ ಹೊರಟವಳು ಕತ್ತಲಾದ ಮೇಲೆ ತಲುಪಿದಳು. ಸೇತುವೆಯ ಮುರಿದ ಜಾಗದಲ್ಲಿ ಹಾಕಿರುವ ಹಲಗೆ ಹಿಮದಿಂದ ಜಾರುತ್ತಿತ್ತಂತೆ. ಗಾಲಿಚೀಲದ ತುಂಬ ಮೇಕೆ ಹಾಲಿನ ಚೀಸು, ಉಪ್ಪಿನಲ್ಲಿಟ್ಟ ಸೌತೆ. ಈ ಊರಲ್ಲಿ ಸೌತೆಕಾಯಿ ಸಿಗುವುದೇ ಇಲ್ಲವೇನೋ ಎಂಬಂತೆ ಹೊತ್ತು ತರುತ್ತಾಳೆ.

“ನಿನ್ನ ಕೆಲಸ ಹೇಗಿದೆಯೇ?” ಎಂದಳು.

ಹೇಳಿದೆ. ಸೌತೆ ಕಚ್ಚುತ್ತಿದ್ದವಳು ಹಾಗೇ ನಿಂತಳು.

“ಅಂದ್ರೆ ಯಾರು ಎಲ್ಲಿ ಮಲಗ್ತಾರೆ ಅಂತ ನೋಡೋದು?”

“ಕಾನೂನಮ್ಮಾ. ನಾನು ಮಾಡದಿದ್ರೆ ಇನ್ನೊಬ್ರು ಮಾಡ್ತಾರೆ. ನಾನಾದ್ರೆ ನೋಡಿಕೊಂಡು ಮಾಡ್ತೀನಿ.”

“ನಮ್ಮ ಜೋಯ್ಕಾನೇ ಪುಣ್ಯವಂತೆ ಬಿಡು,” ಎಂದಳು. ಜೋಯ್ಕಾ ಎಂದರೆ ಮೇಕೆ. “ಪಿಂಚಣಿ ಇಲ್ಲ, ಅವಳ ಹಾಸಿಗೆ ನೋಡೋಕೆ ಯಾರೂ ಬರಲ್ಲ.”

ಇಬ್ಬರೂ ನಕ್ಕೆವು. ಅಮ್ಮ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರೆ ನನಗೆ ನಿದ್ದೆ ಬರುತ್ತದೆ. ಇದು ಯಾವ ಸುತ್ತೋಲೆಯಲ್ಲೂ ಇಲ್ಲ.

ಫೆಬ್ರವರಿ 24, ಶುಕ್ರವಾರ

ಬೆಳಿಗ್ಗೆ ಅಮ್ಮ ಹೊರಟಳು. ಹೊರಡುವ ಮುಂಚೆ ರೂಢಿಯಂತೆ ಇಬ್ಬರೂ ಮಾತಾಡದೆ ಒಂದು ನಿಮಿಷ ಕೂತೆವು. ಆಮೇಲೆ ಅವಳು ಎದ್ದು ಶಿಲುಬೆ ಗುರುತು ಮಾಡಿಕೊಂಡು ಹೋದಳು.

ಹಜಾರದಲ್ಲಿ ಅವಳ ಬೂಟಿನ ಕೆಸರು, ಮೇಜಿನಡಿ ರೊಟ್ಟಿಯ ಪುಡಿ. ಮುಟ್ಟಲಿಲ್ಲ. ಮನೆಯವರು ದೂರ ಹೊರಟಾಗ ಅವರು ತಲುಪಿದ ಸುದ್ದಿ ಬರುವ ತನಕ ಪೊರಕೆ ಹಿಡಿಯಬಾರದು, ಗುಡಿಸಿದರೆ ಅವರ ದಾರಿಯನ್ನೇ ಗುಡಿಸಿ ಹಾಕಿದ ಹಾಗೆ. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇದೆಯೇ? ಇಲ್ಲ. ಆದರೂ ಆ ಕಡೆ ಶೆಲ್ ಬೀಳುವ ದಾರಿಯಲ್ಲಿ ತಾಯಿ ನಡೆಯುತ್ತಿರುವಾಗ ನಂಬಿಕೆ ಇಲ್ಲ ಎಂದು ಪೊರಕೆ ಹಿಡಿಯುವ ಧೈರ್ಯ ಯಾರಿಗಿದೆ? ಸಂಜೆಯವರೆಗೆ ಆ ಪುಡಿ ತುಳಿಯದಂತೆ ಸುತ್ತಿಕೊಂಡು ಓಡಾಡಿದೆ. ಏಳೂವರೆಗೆ ಫೋನ್ ಬಂತು. “ಬಂದೆ ಕಣೇ. ಜೋಯ್ಕಾ ಸಿಟ್ಟು ಮಾಡಿಕೊಂಡು ಮುಖ ತಿರುಗಿಸಿದ್ದಾಳೆ.” ಆಮೇಲೆ ಗುಡಿಸಿದೆ.

ಮಾರ್ಚ್ 2, ಗುರುವಾರ

ಇವತ್ತು ಮೇಲಧಿಕಾರಿ ರೊಸ್ತಿಸ್ಲಾವ್ ದೆನಿಸೊವಿಚ್ ಎಲ್ಲರೆದುರು ನನ್ನನ್ನು ಹೊಗಳಿದರು. ನಡೆದದ್ದು ಹೀಗೆ.

ಹ್ನಾತ್ ಕುಜ್ಮಿಚ್ ಎಂಬ ಮುದುಕ, ಹಳೆಯ ಗಣಿ ಕೆಲಸಗಾರ. ಅವನು, ಅವನ ಹೆಂಡತಿ ಮೋತ್ರ್ಯಾ ಇಬ್ಬರೂ ಇಲ್ಲಿ ಸೋದರ ಸೊಸೆಯ ಖಾಲಿ ಮನೆಯ ವಿಳಾಸದಲ್ಲಿ ನೋಂದಣಿ. “ಮೋತ್ರ್ಯಾ ಮಾರ್ಕೆಟ್ಟಿಗೆ ಹೋಗಿದ್ದಾಳೆ, ಈಗ ಬರ್ತಾಳೆ, ಕೂತ್ಕೊಳ್ಳಿ” ಎಂದ. ವೀರಾ ಕಪಾಟು ನೋಡಿದರು. ಹೆಣ್ಣುಡುಗೆ ಇತ್ತು. ಬಚ್ಚಲಲ್ಲಿ ಎರಡು ಬ್ರಷ್ಷು, ಎರಡೂ ಒದ್ದೆ. “ಸರಿ ಇದೆ” ಎಂದು ಬರೆಯಲು ಪೆನ್ನು ತೆಗೆದರು.

ನಾನು ಮನೆ ನೋಡುತ್ತಿದ್ದೆ. ಏನು ಚೊಕ್ಕಟ! ಪರದೆಗೂ ಇಸ್ತ್ರಿ, ಲೋಟಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಬೋರಲು. ಅಂಥ ಮನೆಯಲ್ಲಿ ಮೇಜಿನಡಿ ಮೊಟ್ಟೆ ಸಿಪ್ಪೆ, ಹೊಸ್ತಿಲ ತನಕ ಒಣಗಿದ ಕೆಸರಿನ ಹೆಜ್ಜೆ. ಪೊರಕೆ ಮೂಲೆಯಲ್ಲಿ ಕೈಗೆ ಸಿಗುವ ಹಾಗೇ ಇದೆ, ಯಾರೂ ಮುಟ್ಟಿಲ್ಲ.

ನಾನು ಮೆಲ್ಲಗೆ ಕೇಳಿದೆ: “ತಲುಪಿದೆ ಅಂತ ಫೋನ್ ಬಂತಾ, ತಾತಾ?”

“ಎಲ್ಲಿ ಬಂತು ತಾಯಿ, ಬೆಳಿಗ್ಗೆಯಿಂದ ಕಾಯ್ತಾ—” ಎಂದವನು ಅಲ್ಲಿಗೇ ನಿಲ್ಲಿಸಿದ.

ನೋಟೀಸು ಕೊಟ್ಟೆವು. ಮೆಟ್ಟಿಲಲ್ಲಿ ವೀರಾ ಕೇಳಿದರು, “ನಿನಗೆ ಹೇಗೆ ಗೊತ್ತಾಯ್ತೇ?”

“ನೆಲ ನೋಡಿ.”

“ಓ,” ಎಂದರು. “ನಮ್ಮಮ್ಮನೂ ಗುಡಿಸ್ತಿರಲಿಲ್ಲ.” ಕಚೇರಿ ಬರುವ ತನಕ ಸರ್ಕಾರವನ್ನೂ ಬೈಯಲಿಲ್ಲ, ಮಂಡಿಯನ್ನೂ ಬೈಯಲಿಲ್ಲ.

ಮಾರ್ಚ್ 3

ನಿದ್ದೆ ಬರಲಿಲ್ಲ. ಮುದುಕಿ ಮೂರು ದಿನದಲ್ಲಿ ಬರುತ್ತಾಳೆ ಬಿಡು. ಬರಲೇಬೇಕು.

ಮಾರ್ಚ್ 9, ಗುರುವಾರ

ಈ ವಾರ ನಾಲ್ಕು ಮನೆ. ನಾಲ್ಕೂ ನೆಲದಿಂದಲೇ. ಜನ ಬಟ್ಟೆ ತೋರಿಸುತ್ತಾರೆ, ಮಾತ್ರೆ ಡಬ್ಬಿ ತೋರಿಸುತ್ತಾರೆ, ಪಕ್ಕದ ಮನೆಯ ಅಜ್ಜಿಯನ್ನೇ ಕರೆತಂದು ಹಾಸಿಗೆಯಲ್ಲಿ ಮಲಗಿಸುತ್ತಾರೆ, ಆದರೆ ಪೊರಕೆಗೆ ಮಾತ್ರ ಯಾರೂ ಕೈ ಹಾಕುವುದಿಲ್ಲ. ಪಿಂಚಣಿ ಹೋದರೂ ಚಿಂತೆಯಿಲ್ಲ, ಹೋದವರ ದಾರಿ ಕೆಡಬಾರದು! ಎಂಥ ಮೂಢರು. ಕಚೇರಿಯ ಹುಡುಗಿಯರು ನನ್ನನ್ನು ‘ಹದ್ದಿನ ಕಣ್ಣಮ್ಮ’ ಎನ್ನುತ್ತಿದ್ದಾರೆ. ಹೆಸರೇನೋ ಚೆನ್ನಾಗಿದೆ.

ಈಗ ಗಂಟೆ ಒತ್ತುವುದು ಬಿಟ್ಟು ಬಾಗಿಲು ಬಡಿಯುತ್ತೇನೆ. ಕೆಲಸ ಬೇಗ ಮುಗಿಯುತ್ತದೆ.

ವೀರಾ ನನ್ನ ಜೊತೆ ಬರಲು ಒಲ್ಲೆ ಎಂದು ಬೇರೆ ಬೀದಿ ಕೇಳಿದ್ದಾರಂತೆ. ಹೊಟ್ಟೆಕಿಚ್ಚು, ಮತ್ತೇನು. ಇಪ್ಪತ್ತು ವರ್ಷದ ಅನುಭವ ಇದ್ದು ಕಪಾಟಿನಾಚೆ ಕಣ್ಣು ಹೋಗಲಿಲ್ಲ.

ಮಾರ್ಚ್ 15, ಬುಧವಾರ

ಹ್ನಾತ್ ಕುಜ್ಮಿಚ್ ಕೌಂಟರಿಗೆ ಬಂದಿದ್ದ. ಮೋತ್ರ್ಯಾ ಗಡುವಿಗೆ ಬರಲಿಲ್ಲ. ಆ ಕಡೆ ಅವಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡಿದ್ದಳಂತೆ. ಹೊರಡಬೇಕು ಎನ್ನುವಾಗ ಗುಂಡಿನ ಕಾಳಗ ಶುರುವಾಗಿ ಸೇತುವೆ ಮುಚ್ಚಿದರಂತೆ. ಅವಳು ಬಂದಾಗ ಆರನೇ ದಿನ. ನೋಂದಣಿ ಅಷ್ಟೊತ್ತಿಗೆ ರದ್ದಾಗಿತ್ತು.

“ಸೇತುವೆ ಮುಚ್ಚಿತ್ತು ಅಂತ ರೇಡಿಯೋದಲ್ಲೇ ಹೇಳಿದ್ರಲ್ಲ ತಾಯಿ!”

“ರೇಡಿಯೋ ನಮಗೆ ದಾಖಲೆ ಅಲ್ಲ. ಕೋರ್ಟಿಗೆ ಹೋಗಿ.”

ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಟೋಪಿ ಕೈಯಲ್ಲಿ ಹಿಡಿದುಕೊಂಡು ಮೆತ್ತಗೆ ಹೇಳಿದ: “ಅವತ್ತು ನಾನು ಸುಳ್ಳು ಹೇಳಬೇಕು ಅಂತಲೇ ಇದ್ದೆ. ನೀನು ಫೋನ್ ಬಂತಾ ಅಂದಾಗ ಮರೆತೇ ಹೋಯ್ತು. ಮನೆಮಗಳು ಕೇಳಿದ ಹಾಗಿತ್ತು.”

ನಾನೇನು ಕಾಯ್ದೆ ಬರೆದವಳೇ? ನನ್ನ ಮೇಲೆ ಯಾಕೆ ಬಂದು ಬೀಳುತ್ತಾರೆ ಎಲ್ಲರೂ! ಸಂಜೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದೆ. ಕೆಳಗಿನ ಮನೆಯವನು ಕೊಳವೆ ಬಡಿದು ಸದ್ದು ಮಾಡಬೇಡ ಎಂದು ಸೂಚನೆ ಕೊಟ್ಟ.

ಮಾರ್ಚ್ 27, ಸೋಮವಾರ

ಹೊಸ ಸುತ್ತೋಲೆ ಬಂದಿದೆ. ಏಪ್ರಿಲ್‌ನಲ್ಲಿ ಮೊದಲು ನಮ್ಮ ಸಿಬ್ಬಂದಿಯ ಮನೆಗಳ ತಪಾಸಣೆ, ಆಮೇಲೆ ಊರಿನವರದ್ದು. ಪ್ರತಿ ಮನೆಗೆ ಎರಡು ಸಲ, ಒಮ್ಮೆ ಹೇಳಿ ಒಮ್ಮೆ ಹೇಳದೆ. “ನಿಮಗೇನು ಭಯ, ತಮೀಲಾ ಯುಖಿಮಿವ್ನಾ, ನಿಮ್ಮ ತಾಯಿ ನಿಮ್ಮ ಜೊತೆನೇ ಇದ್ದಾರಲ್ಲ” ಎಂದರು ಮೇಲಧಿಕಾರಿ. ಇದ್ದಾರೆ ಎಂದೆ.

ಅಮ್ಮನಿಗೆ ಫೋನ್ ಮಾಡಿದೆ.

“ಏಪ್ರಿಲ್ ಪೂರ್ತಿ ಇಲ್ಲೇ ಇರಬೇಕು ನೀನು.”

“ಪೂರ್ತಿ? ಜೋಯ್ಕಾ ಮರಿ ಹಾಕೋ ಹೊತ್ತು ಕಣೇ. ಆಲೂಗಡ್ಡೆ ಯಾರು ನೆಡ್ತಾರೆ, ನಿಮ್ಮ ಮೇಲಧಿಕಾರಿನಾ?”

“ನನ್ನ ಕೆಲಸ ಹೋಗುತ್ತೆ ಅಮ್ಮಾ! ನಿನ್ನ ಪಿಂಚಣಿನೂ ಹೋಗುತ್ತೆ!”

“ಬರ್ತೀನಿ. ಈಸ್ಟರ್‌ಗೆ ಮಾತ್ರ ಮನೇಲಿ ಇರ್ತೀನಿ, ಅದರಲ್ಲಿ ಚೌಕಾಸಿ ಬೇಡ” ಎಂದಳು. ಅಪ್ಪನ ಗೋರಿ ಅಲ್ಲಿದೆ. ಈಸ್ಟರ್ ಆದ ಮೇಲೆ ಗೋರಿಗೆ ಬಣ್ಣದ ಮೊಟ್ಟೆ ಇಡಬೇಕು.

ಏಪ್ರಿಲ್ 6, ಗುರುವಾರ

ಅಮ್ಮ ಬಂದಳು. ಈ ಸಲ ಸೌತೆ ಇಲ್ಲ. ಹಲ್ಲುಜ್ಜುವ ಬ್ರಷ್ ಮರೆತು ಬಂದಿದ್ದಾಳೆ. ಹೊಸದು ತಂದರೆ ಹೊಸದೆಂದು ಗೊತ್ತಾಗುತ್ತದೆ, ನನ್ನ ಹಳೆಯದನ್ನೇ ಲೋಟದಲ್ಲಿಟ್ಟೆ. ಅವಳ ಚಪ್ಪಲಿಯನ್ನು ಬಾಗಿಲಿನ ಹತ್ತಿರ ಎರಡು ಮೂರು ಸಲ ಜೋಡಿಸಿದೆ. ತೀರ ಜೋಡಿಸಿದ ಹಾಗೆ ಕಂಡಿತು, ಒಂದನ್ನು ಸ್ವಲ್ಪ ತಿರುಗಿಸಿದೆ.

ಆಲೂಗಡ್ಡೆ ಸುಲಿಯುತ್ತ ಅಮ್ಮ ಹೇಳಿದಳು: “ಸೇತುವೆ ಸಾಲಿನಲ್ಲಿ ಒಬ್ಬಳು ಸಿಕ್ಕಿದ್ದಳು. ಮೋತ್ರ್ಯಾ ಅಂತ. ಅಕ್ಕನ ಹತ್ತಿರ ಹೋಗಿ ವಾಪಸು ಬರ್ತಾ ಇದ್ದಳು. ಪಿಂಚಣಿ ಹೋಯ್ತಂತೆ.”

ನಾನು ಚಪ್ಪಲಿಯನ್ನು ಮತ್ತೆ ನೇರ ಮಾಡಿದೆ.

“ಗುಡಿಸದ ನೆಲ ನೋಡಿ ಹಿಡಿದಳಂತೆ ಯಾವಳೋ. ಮೋತ್ರ್ಯಾ ಅಂದಳು, ಈ ಊರಿನವರಿಗೆ ಅದು ಹೊಳೆಯೋದಿಲ್ಲ, ಅವರ ಮನೆಯಿಂದ ಯಾರೂ ಹೀಗೆ ಹೋಗಿ ಬರಲ್ಲ, ಆ ಹೆಂಗಸು ನಮ್ಮವಳೇ ಇರಬೇಕು ಅಂತ.”

“ಕಾನೂನು ಎಲ್ಲರಿಗೂ ಒಂದೇ ಅಮ್ಮಾ.”

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ಸುಲಿಯುವುದನ್ನು ಮುಂದುವರಿಸಿದಳು. ಸಿಪ್ಪೆ ದಪ್ಪ ದಪ್ಪ ಹೋಗುತ್ತಿತ್ತು, ಅವಳು ಯಾವತ್ತೂ ಹಾಗೆ ಸುಲಿದವಳಲ್ಲ.

ಏಪ್ರಿಲ್ 11, ಮಂಗಳವಾರ

ಮೊದಲ ತಪಾಸಣೆ ಮುಗಿಯಿತು. ಮೇಲಧಿಕಾರಿಯೇ ಬಂದಿದ್ದರು, ಜೊತೆಗೆ ವೀರಾ. ಬಾಗಿಲು ಬಡಿದಾಗ ಓಡಿಹೋಗಿ ತೆಗೆದೆ.

ಅಮ್ಮ ಮಾತ್ರ ಸೋಫಾದಿಂದ ಏಳಲಿಲ್ಲ. “ಹಾಸಿಗೆ ನೋಡ್ತೀರಾ ಯಜಮಾನ್ರೇ? ಮುಟ್ಟಿ ನೋಡಿ, ಇನ್ನೂ ಬೆಚ್ಚಗಿದೆ” ಎಂದಳು. ಅವರ ಕಿವಿ ಕೆಂಪಾಯಿತು. ವೀರಾ ಕಪಾಟು ತೆಗೆಯಲೇ ಇಲ್ಲ. ಅಮ್ಮ ಕೊಟ್ಟ ಚಹಾ ಕುಡಿದು, ಮಂಡಿಗೆ ಯಾವ ಸೊಪ್ಪು ಕಟ್ಟಬೇಕು ಎಂದು ಕೇಳಿಕೊಂಡು, ‘ವಾಸ ಇದ್ದಾರೆ’ ಎಂದು ಬರೆದು ಹೋದರು.

ಎರಡನೆಯದು ಯಾವತ್ತು ಎಂದು ಗೊತ್ತಿಲ್ಲ. ಅಮ್ಮ ಗುರುವಾರ ಹೊರಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಬೇಡ ಎಂದೆ, ಅತ್ತೆ, ಬೈದೆ. “ನಿಮ್ಮಪ್ಪನಿಗೆ ಯಾವ ಗಡುವು ಹೇಳಲಿ?” ಎಂದಳು. ಹೋದರೆ ಹೋಗಲಿ, ಯಾರಾದರೂ ಬಂದರೆ ಚರ್ಚಿಗೆ ಹೋಗಿದ್ದಾಳೆ ಎನ್ನುತ್ತೇನೆ. ಹಬ್ಬದ ವಾರ, ನಂಬುತ್ತಾರೆ. ಮನೆ ಮಾತ್ರ ಸರಿಯಾಗಿರಬೇಕು.

ಏಪ್ರಿಲ್ 13, ಗುರುವಾರ

ಈಗ ಸಂಜೆ ಎಂಟು. ಅಮ್ಮನ ಫೋನ್ ಬಂದಿಲ್ಲ. ಆಗಿದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಆರು ಗಂಟೆಗೆ ಹೊರಟಳು. ಒಂದು ನಿಮಿಷ ಕೂತೆವು. ಬಾಗಿಲಲ್ಲಿ ನನ್ನ ಕೆನ್ನೆ ಸವರಿ, “ಊಟ ಸರಿಯಾಗಿ ಮಾಡು, ಮುಖ ಬತ್ತಿ ಹೋಗಿದೆ” ಎಂದಳು. ಅವಳು ಮೆಟ್ಟಿಲಿಳಿದ ಸದ್ದು ಕೇಳಿ ಪೊರಕೆ ತೆಗೆದುಕೊಂಡೆ. ಇವತ್ತು ಈಸ್ಟರಿನ ಮುಂಚಿನ ಗುರುವಾರ, ಊರಿಗೆ ಊರೇ ಮನೆ ತೊಳೆಯುವ ದಿನ, ಗುಡಿಸಿದರೆ ತಪ್ಪೇನು? ಇವತ್ತೇ ತಪಾಸಣೆಗೆ ಬಂದರೆ? ಕೆಸರಿನ ಹೆಜ್ಜೆ ಒರೆಸಿದೆ, ಮೇಜಿನಡಿಯ ಪುಡಿ ಎಳೆದೆ. ಬಾಗಿಲಿಗೆ ಬೆನ್ನು ಹಾಕಿದ್ದೆ.

“ಕನ್ನಡಕ ಮರೆತೆ.”

ತಿರುಗಿ ನೋಡಿದರೆ ಅಮ್ಮ. ಪೊರಕೆ ನೋಡಿದಳು, ಒದ್ದೆ ಹೊಸ್ತಿಲು ನೋಡಿದಳು. ನಾನು ಏನೋ ಹೇಳಲು ಹೋದೆ, ಗುರುವಾರ ಅದು ಇದು ಎಂದು. ಅವಳು ಕಪಾಟಿನ ಮೇಲಿಂದ ಕನ್ನಡಕ ತೆಗೆದುಕೊಂಡಳು.

“ಗುಡಿಸು, ಗುಡಿಸು. ಮೂಲೆ ಬಿಟ್ಟಿದೀಯ.”

ಅರ್ಧದಾರಿಯಿಂದ ತಿರುಗಿ ಬಂದವರು ಕನ್ನಡಿ ನೋಡಿಕೊಂಡು ಹೊರಡಬೇಕು, ಇಲ್ಲದಿದ್ದರೆ ದಾರಿಯಲ್ಲಿ ಕೇಡು ಎಂದು ನನಗೆ ಕಲಿಸಿದವಳೇ ಅವಳು. ನೋಡಿಕೊಳ್ಳದೆ ಹೋದಳು.

ಕಚೇರಿ ತೆರೆದಾಗ ಸಾಲಿನಲ್ಲಿ ಅವಳು ನಿಂತಿದ್ದಳು. ಗಾಲಿಚೀಲ ಕಾಲಿನ ಹತ್ತಿರ. ನಾನು ಸನ್ನೆ ಮಾಡಿದೆ, ಮುಂದೆ ಬಾ ಎಂದು. ಬರಲಿಲ್ಲ, ಸರದಿ ಬಂದ ಮೇಲೇ ಬಂದಳು. ಕನ್ನಡಕ ಹಾಕಿಕೊಂಡಳು.

“ನಮಸ್ಕಾರ, ತಮೀಲಾ ಯುಖಿಮಿವ್ನಾ. ನನ್ನ ಹೆಸರು ಕ್ಲಾವ್ದಿಯಾ ಸವೆಲಿವ್ನಾ. ಕೊಟ್ಟಿರೋ ವಿಳಾಸದಲ್ಲಿ ನಾನು ವಾಸ ಇಲ್ಲ. ಹೆಸರು ತೆಗೆದು ಹಾಕಿ.”

“ಅಮ್ಮಾ, ತಲೆ ಕೆಟ್ಟಿದೆಯಾ?” ಗಾಜಿನ ಕಿಂಡಿಗೆ ಬಾಯಿಟ್ಟು ಪಿಸುಗುಟ್ಟಿದೆ. “ಮಾತ್ರೆಗೆ ಏನು ಮಾಡ್ತೀಯ? ಚಳಿಗಾಲಕ್ಕೆ ಏನು ಮಾಡ್ತೀಯ?”

“ಹಾಲು ಮಾರ್ತೀನಿ. ಮರಿ ಮಾರ್ತೀನಿ. ನೀವು ಬರ್ಕೊಳ್ಳಿ.”

“ಮನೆಗೆ ಹೋಗಿ ಮಾತಾಡೋಣ, ನಡಿ.”

“ಯಾವ ಮನೆಗೆ?”

ಹಿಂದೆ ಜನ ಗೊಣಗಲು ಶುರು ಮಾಡಿದ್ದರು. ಮೇಲಧಿಕಾರಿಯ ಬಾಗಿಲು ತೆರೆದಿತ್ತು, ಅವರು ತಲೆ ಎತ್ತಿ ಇತ್ತಲೇ ನೋಡುತ್ತಿದ್ದರು. ಪಕ್ಕದ ಮೇಜಿನಿಂದ ವೀರಾ ಎದ್ದು, ಖಾಲಿ ಕೆಟಲ್ ಹಿಡಿದುಕೊಂಡು ಹೊರಗೆ ಹೋದರು. ನಾನು ಇನ್ನೇನು ಮಾಡಲು ಸಾಧ್ಯವಿತ್ತು? ಸ್ವಂತ ಇಚ್ಛೆಯಿಂದ ಬಂದು ಹೇಳಿಕೆ ಕೊಟ್ಟರೆ ತೆಗೆದುಕೊಳ್ಳಲೇಬೇಕು, ನಿಯಮ ಹಾಗೇ ಇದೆ. ಅದೂ ಅಲ್ಲದೆ ಹೀಗಾದರೆ ಎರಡನೆಯ ತಪಾಸಣೆಯ ಭಯವಿಲ್ಲ, ನನ್ನ ಕೆಲಸಕ್ಕೂ ಕುತ್ತಿಲ್ಲ. ಅವಳು ಅದನ್ನೂ ಯೋಚಿಸಿಯೇ ಬಂದಿರಬಹುದು. ಅರ್ಜಿ ತೆಗೆದು ಹೆಸರು ಬರೆದೆ, ಹುಟ್ಟಿದ ದಿನ ಬರೆದೆ, ಅದನ್ನು ಕೇಳಬೇಕಾಗಲಿಲ್ಲ. ಆಮೇಲಿನ ಸಾಲು ಕೇಳದೆ ತುಂಬಲು ಬರುವುದಿಲ್ಲ.

“ಯಾವತ್ತಿಂದ ವಾಸ ಇಲ್ಲ ನೀವು?”

ಅಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು.

“ಇವತ್ತು ಬೆಳಿಗ್ಗೆಯಿಂದ.”

ತಾರೀಖು ಬರೆದುಕೊಂಡೆ. ಅವಳು ಸಹಿ ಹಾಕಿ ಗಾಲಿಚೀಲ ಎಳೆದುಕೊಂಡು ಹೋದಳು. ಸಾಲು ಬಾಗಿಲ ತನಕ ಇತ್ತು, ಮುಂದಿನವರನ್ನು ಕರೆದೆ.